ಎರಡು ಬಟ್ಟಲು ನೀರು

ಒಂದೂರು. ಆ ಊರಿಗೊಬ್ಬ ಸಾಹುಕಾರ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು 'ಓ, ಅವನಾ, ಅವನು ನಮ್ಮ ಪೈಕಿಯವನಲ್ಲ' ಎಂದು ನೆಮ್ಮದಿಯಾಗಿ ಗೋಡೆಗೆ ಒರಗಿಬಿಡುತ್ತೀರಿ. ಹೆಸರಿಲ್ಲದಿದ್ದರೆ ಯಾರು ಬೇಕಾದರೂ ಅವನಾಗಬಹುದು. ನಾನೂ ಆಗಬಹುದು, ಮುಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಜಾಗ ಹಿಡಿದು ಕುಳಿತವರೂ ಆಗಬಹುದು. ನಗಬೇಡಿ. ಕಥೆ ಮುಗಿಯಲಿ, ಆಮೇಲೆ ನಗುವಿರಂತೆ.

ಸಾಹುಕಾರ ಎಂದ ಕೂಡಲೇ ಕೆಟ್ಟವನು ಎಂದುಕೊಳ್ಳಬೇಡಿ. ಇವನು ಒಳ್ಳೆಯವನು. ಈ ಕಥೆಯ ಕಷ್ಟ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ನಾವೆಲ್ಲ ಸೇರಿ ಅವನನ್ನು ನಾಲ್ಕು ಮಾತು ಬೈದು ಮನೆಗೆ ಹೋಗಬಹುದಿತ್ತು. ಊರಿಗೆ ಕೆರೆ ಕಟ್ಟಿಸಿದವನು ಅವನ ಅಜ್ಜ. ಏರಿಗೆ ಕಲ್ಲು ಹೊದಿಸಿದವನು ಅವನ ಅಪ್ಪ. ಇವನು ಏನು ಮಾಡಿದ? ನೀರಿಗಾಗಿ ಊರಿನವರು ಗುದ್ದಲಿ ಹಿಡಿದು ಬಡಿದಾಡುವುದನ್ನು ನೋಡಲಾರದೆ ಒಂದು ತಾಮ್ರದ ಬಟ್ಟಲು ಮಾಡಿಸಿಕೊಟ್ಟ.

ಎಂಥ ಬಟ್ಟಲು? ಬೊಗಸೆಯಷ್ಟು ಅಗಲದ್ದು. ತಳದಲ್ಲಿ ಸಾಸಿವೆ ಕಾಳು ತೂರುವಷ್ಟು ಒಂದು ತೂತು. ನೀರು ತುಂಬಿದ ಹಂಡೆಯ ಮೇಲೆ ಅದನ್ನು ತೇಲಿಬಿಟ್ಟರೆ ತೂತಿನಿಂದ ನೀರು ಒಳಗೆ ಜಿನುಗುತ್ತದೆ. ಜಿನುಗಿ ಜಿನುಗಿ ತುಂಬಿ, ಒಮ್ಮೆಗೇ ಗುಳುಕ್ ಎಂದು ಮುಳುಗುತ್ತದೆ. ಒಬ್ಬ ಮನುಷ್ಯ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ತಿಂಡಿಗೆ ಕೂರುವಷ್ಟು ಹೊತ್ತು. ಅದಕ್ಕೆ ಆ ಊರಿನಲ್ಲಿ 'ಒಂದು ಬಟ್ಟಲು' ಎಂದೇ ಹೆಸರು.

ಕಾಲುವೆಯ ಉದ್ದಕ್ಕೂ ಹದಿನಾರು ಗದ್ದೆ. ಬೆಳಗ್ಗೆ ಒಬ್ಬರ ಸರದಿ, ಸಂಜೆ ಒಬ್ಬರ ಸರದಿ. ಎಂಟು ದಿನಕ್ಕೆ ಒಂದು ಸುತ್ತು. ಸರದಿ ಬಂದವರ ಹೆಸರು ಕೂಗಿ ಕೆರೆಯ ತೂಬು ತೆರೆಯಬೇಕು, ಆ ಕ್ಷಣಕ್ಕೆ ಬಟ್ಟಲು ತೇಲಿಬಿಡಬೇಕು. ಎರಡು ಸಲ ಬಟ್ಟಲು ಮುಳುಗಿದರೆ ಜಾಗಟೆ ಬಡಿದು ತೂಬು ಮುಚ್ಚಬೇಕು. ಸಾಹುಕಾರನಿಗೂ ಎರಡೇ ಬಟ್ಟಲು, ಕೂಲಿ ಮಾಡುವವನಿಗೂ ಎರಡೇ ಬಟ್ಟಲು. ನೋಡಿ, ಎಷ್ಟು ಚೆನ್ನಾಗಿದೆ! ಎಲ್ಲರಿಗೂ ಸಮ. ಜಾಗಟೆ ಬಡಿದ ಮೇಲೆ ಕಾಲುವೆಯಲ್ಲಿ ಒಂದಿಷ್ಟು ನೀರು ಉಳಿದಿರುತ್ತದಲ್ಲ, ಅದು ಯಾರ ಗದ್ದೆಯ ಎದುರು ನಿಂತಿದೆಯೋ ಅವರದು. ಅದಕ್ಕೂ ಜಗಳ ಬೇಡ ಎಂದು ಹಿರಿಯರು ಮಾಡಿದ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು. ಸತತ ಮೂರು ಬೆಳೆ ಗದ್ದೆಯನ್ನು ಬೀಳು ಬಿಟ್ಟವರ ಸರದಿ ಊರಿಗೆ ಸೇರಬೇಕು. ಬೇಡದವನ ಕೈಯಲ್ಲಿ ನೀರು ಯಾಕೆ ಕೊಳೆಯಬೇಕು ಎಂಬ ಲೆಕ್ಕ. ಇದರಲ್ಲೂ ಮೇಲುನೋಟಕ್ಕೆ ತಪ್ಪು ಕಾಣುವುದಿಲ್ಲ.

ಈ ಬಟ್ಟಲನ್ನು ಕಾಯಲು ಒಬ್ಬನಿದ್ದ. ಊರೆಲ್ಲ ಅವನನ್ನು ಬಟ್ಟಲಿನವನು ಎಂದೇ ಕರೆಯುತ್ತಿತ್ತು. ಈ ಕಥೆ ನಿಜವಾಗಿ ಅವನದು.

ಮೂವತ್ತು ವರ್ಷ ಅವನು ತೂಬಿನ ಪಕ್ಕದ ಕಲ್ಲುಮಂಟಪದಲ್ಲಿ ಕುಳಿತು ಬಟ್ಟಲು ನೋಡಿದ್ದ. ಒಬ್ಬರ ತೋಟದ ಒಂದು ಸೌತೆಕಾಯಿ ಮುಟ್ಟಿದವನಲ್ಲ. ಬಟ್ಟಲಿನ ತೂತಿಗೆ ಪಾಚಿ ಕಟ್ಟಬಾರದೆಂದು ದಿನಾ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುತ್ತಿದ್ದ. ನೀರಿನ ಮೇಲೆ ಬಟ್ಟಲು ತೇಲುವುದನ್ನು ನೋಡುತ್ತಾ ನೋಡುತ್ತಾ ಅವನಿಗೆ ಒಂಥರಾ ಮಂಪರು ಹತ್ತುತ್ತಿತ್ತು. ಕೆರೆಯ ಮೇಲಿನ ಗಾಳಿ, ಹಂಡೆಯೊಳಗೆ ಸಣ್ಣಗೆ ನಡುಗುವ ಆಕಾಶ, ಅದರ ನಡುವೆ ಕೆಂಪಗೆ ಮೆಲ್ಲಗೆ ತಿರುಗುವ ಬಟ್ಟಲು. ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ಆದರೆ ಬಟ್ಟಲು ಗುಳುಕ್ ಎಂದ ಕ್ಷಣಕ್ಕೆ ಅವನ ಕೈ ತಾನಾಗಿ ಎದ್ದು ಜಾಗಟೆ ಬಡಿಯುತ್ತಿತ್ತು. ಒಂದು ದಿನ ತಪ್ಪಿಲ್ಲ, ಒಂದು ಕ್ಷಣ ತಪ್ಪಿಲ್ಲ. ಜಾಗಟೆಯ ಸದ್ದು ಬಯಲಿನ ಮೇಲೆ ಹರಡುತ್ತಾ ಹೋಗುವಾಗ ಅವನಿಗೆ ಅನ್ನಿಸುತ್ತಿತ್ತು, ಈಗ ಒಬ್ಬರ ಗದ್ದೆ ತಣಿಯಿತು ಎಂದು. ಆ ಸಂತೋಷ ಸುಳ್ಳಲ್ಲ. ಅವನಿಗೆ ಅದರಲ್ಲಿ ನಿಜವಾಗಿ ಹೊಟ್ಟೆ ತುಂಬುತ್ತಿತ್ತು.

ಈಗ ಒಂದು ಮಾತು ಕೇಳುತ್ತೇನೆ. ಮೂವತ್ತು ವರ್ಷದಲ್ಲಿ ಅವನು ಕಾಲುವೆಯ ಕೊನೆ ನೋಡಿದ್ದನೇ? ಇಲ್ಲ. ಯಾಕೆ ನೋಡಲಿ? ಬಟ್ಟಲು ಇರುವುದು ತೂಬಿನ ಹತ್ತಿರ. ಅವನ ಕೆಲಸ ಬಟ್ಟಲು ನೋಡುವುದು.

ಕಾಲುವೆಯ ಕೊನೆಯಲ್ಲಿ ಒಂದು ಗದ್ದೆ. ಐದು ವರ್ಷದ ಹಿಂದೆ ಆ ಗದ್ದೆಯ ಯಜಮಾನ ಊರ ಕಟ್ಟೆಯ ಮುಂದೆ ಬಂದು ನಿಂತು, "ನನಗೆ ಎರಡು ಬಟ್ಟಲು ನೀರು ಮುಟ್ತಾ ಇಲ್ಲ" ಎಂದಿದ್ದ. ಇಷ್ಟೇ ಹೇಳಿದ್ದು. ಬಟ್ಟಲಿನವನಿಗೆ ಅದು ಎದೆಗೆ ಒದ್ದಂತಾಯಿತು. ಅವನು ಏನು ಮಾಡಿದ? ಹಂಡೆಯನ್ನೂ ಬಟ್ಟಲನ್ನೂ ತಲೆಯ ಮೇಲೆ ಹೊತ್ತು ತಂದು ಕಟ್ಟೆಯ ಮೇಲೆ ಇಟ್ಟ. "ಪರೀಕ್ಷೆ ಮಾಡಿ" ಎಂದ. ಊರವರು ಪಕ್ಕದೂರಿನಿಂದ ಇನ್ನೊಂದು ಬಟ್ಟಲು ತರಿಸಿದರು. ಎರಡನ್ನೂ ಜೊತೆಗೆ ತೇಲಿಬಿಟ್ಟರು. ಎರಡೂ ಜೊತೆಗೇ ಮುಳುಗಿದವು. ಆ ಮನುಷ್ಯ "ಕಾಲುವೆ..." ಎಂದು ಬಾಯಿ ತೆರೆದಾಗಲೆಲ್ಲ, "ಅದೆಲ್ಲ ಬ್ಯಾಡ, ಬಟ್ಟಲು ಸರಿ ಐತೋ ಇಲ್ವೋ, ಅಷ್ಟು ಹೇಳು" ಎಂದರು. ಬಟ್ಟಲು ಸರಿಯಿತ್ತು. ಅವನು ಸುಳ್ಳುಗಾರನಾದ. ಹೆಗಲ ಮೇಲಿನ ವಲ್ಲಿಯನ್ನು ನೆಲಕ್ಕೆ ಹಾಸಿ ತಪ್ಪೊಪ್ಪಿಕೊಳ್ಳಬೇಕು ಎಂದರು. ಹಾಸಿದ. ಎರಡು ವರ್ಷ ಬದುಕಿದ್ದ, ಕಟ್ಟೆಯ ಕಡೆಗೆ ಮತ್ತೆ ಬರಲಿಲ್ಲ. ಸತ್ತಾಗಲೂ ಊರಿನವರ ಬಾಯಲ್ಲಿ ಅವನು ಬಟ್ಟಲಿನ ಮೇಲೆ ಸುಳ್ಳು ಹೇಳಿದವನೇ.

ಇಲ್ಲಿ ಸ್ವಲ್ಪ ನಿಲ್ಲಿ. ಬಟ್ಟಲನ್ನು ಪರೀಕ್ಷೆ ಮಾಡಿದರು, ಸರಿ. ಗದ್ದೆಯನ್ನು ಯಾರಾದರೂ ಪರೀಕ್ಷೆ ಮಾಡಿದರೇ? ನೀರು ನಡೆಯುವುದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಆ ಊರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ ಹೇಳಿ! ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಬೇಕಾದ ಜಾಗಕ್ಕೆ ತರುವ ಮನಸ್ಸು ಯಾರಿಗೂ ಇರಲಿಲ್ಲ.

ಈಗ ಆ ಗದ್ದೆಯನ್ನು ಅವನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಮಳೆ ಚೆನ್ನಾಗಿ ಬಿದ್ದು ಕಾಲುವೆಯ ಮಣ್ಣು ನೆನೆದಿದ್ದ ವರ್ಷ ನೀರು ಹೇಗೋ ಬಂದು ಸೇರುತ್ತಿತ್ತು. ಕಾಲುವೆ ಒಣಗಿದ ವರ್ಷ ಇಲ್ಲ. ಎರಡು ಬೆಳೆ ಕೈಗೆ ಬಂದಿರಲಿಲ್ಲ. ಬೆಳೆ ಬಾರದ ಗದ್ದೆ ಊರಿನ ಲೆಕ್ಕದಲ್ಲಿ ಬೀಳೇ. ಇದು ಮೂರನೆಯದು. ಇದೂ ಹೋದರೆ ಗದ್ದೆಯ ಸರದಿ ಊರಿನ ಪಾಲು. ಸರದಿ ಹೋದ ಗದ್ದೆ ಎಂದರೆ ಬರೀ ಮಣ್ಣು. ಸರದಿ ಹೋಯಿತು ಎಂಬ ಮಾತನ್ನು ಕಟ್ಟೆಯ ಮೇಲೆ ನಿಂತು ಕೂಗಿ ಹೇಳಬೇಕಾದವನು ಯಾರು? ನಮ್ಮ ಬಟ್ಟಲಿನವನೇ.

ತನ್ನ ಸರದಿಯ ಹಿಂದಿನ ದಿನ ಅವಳು ಮಂಟಪಕ್ಕೆ ಬಂದಳು. ಬಟ್ಟಲಿನವನ ಹೆಂಡತಿ ಅಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಬಂದವಳನ್ನು ಕಂಡು ಬಟ್ಟಲಿನವನ ಮುಖ ಬಿಗಿಯಿತು.

"ಏನ್ ತಂಗೀ, ನೀನೂ ಬಟ್ಟಲಿನ ಮ್ಯಾಲೆ ದೂರು ತಂದ್ಯಾ?"

"ಇಲ್ಲ ಅಣ್ಣಯ್ಯ. ನಿನ್ನ ಬಟ್ಟಲು ಸರಿಯಾಗೇ ಐತೆ."

"ಮತ್ತೆ?"

"ನನ್ನ ಗಂಡನೂ ಸರಿಯಾಗೇ ಇದ್ದ. ಎರಡೂ ಹೆಂಗೆ ಸರಿ ಅಂತ ನಂಗೆ ತಿಳೀವಲ್ದು. ನಾಳೆ ಒಂದಿನ ಬಟ್ಟಲು ಬಿಟ್ಟು ನೀರಿನ ಜೊತೆ ನಡ್ಕೊಂಡು ಬಾ. ನೀನೇ ನೋಡು. ಆಮ್ಯಾಕೆ ನೀ ಏನಂದ್ರೂ ನಾನು ಕೇಳ್ತೀನಿ."

"ನಾನು ಬಟ್ಟಲು ಬಿಟ್ಟು ಏಳಂಗಿಲ್ಲ ಕಣಮ್ಮ."

ಬಟ್ಟಲಿನವನ ಹೆಂಡತಿ ಅವರೆಕಾಯಿಯ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. "ನಾನು ಕೂತ್ಕೋತೀನಿ ಹೋಗು. ಬಟ್ಟಲು ಮುಳುಗೋದು ನೋಡಕ್ಕೆ ಏನು ಕಾಶಿಗೋಗಿ ಓದ್ಕೊಂಡು ಬರ್ಬೇಕಾ? ಮೂವತ್ತು ವರ್ಸದಿಂದ ಆ ಬಟ್ಟಲಿಗೇ ತಾಳಿ ಕಟ್ಟಿದಂಗೆ ಕೂತಿದ್ದೀಯ. ಒಂದಿನ ಕಾಲಾದ್ರೂ ಆಡ್ಲಿ."

ಮರುದಿನ ಬೆಳಗ್ಗೆ ಬಯಲಿನ ತುಂಬ ಮಂಜು. ತೂಬು ತೆರೆಯಿತು. ಬಟ್ಟಲಿನವನು ಕಾಲುವೆಯ ದಡದ ಮೇಲೆ ನಿಂತಿದ್ದ. ಅವನು ಹಂಡೆಯೊಳಗಿನ ನೀರನ್ನು ಮೂವತ್ತು ವರ್ಷ ನೋಡಿದವನು. ನೀರು ನಡೆಯುವುದನ್ನು ನೋಡಿದವನಲ್ಲ.

ನೀರು ಬಂತು. ಓಡಿ ಬರುತ್ತದೆ ಎಂದುಕೊಂಡಿದ್ದ. ಅದು ಓಡಲಿಲ್ಲ. ಮುಂದೆ ಒಂದು ತೆಳ್ಳನೆಯ ನೊರೆ, ನೊರೆಯ ಮೇಲೆ ಹೊಂಗೆಯ ಒಣ ಎಲೆ, ಒಂದೆರಡು ಕಡ್ಡಿ. ಅದು ಮಣ್ಣನ್ನು ಮುಟ್ಟಿ ನಿಲ್ಲುತ್ತಿತ್ತು, ಯೋಚಿಸುತ್ತಿರುವಂತೆ ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಒಂದು ಗೇಣು ಮುಂದೆ ಬರುತ್ತಿತ್ತು. ಬಟ್ಟಲಿನವನೂ ಅದರ ಜೊತೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ. ಎಮ್ಮೆಗಳು ದಾಟಿದ ಕಡೆ ಗೊರಸಿನ ಗುರುತುಗಳಿದ್ದವು. ನೀರು ಪ್ರತಿಯೊಂದು ಗೊರಸಿಗೂ ಇಳಿದು, ಅದನ್ನು ತುಂಬಿಸಿ, ಆಮೇಲೆ ಮುಂದಿನದಕ್ಕೆ ಹೋಯಿತು. ಏಡಿಯ ಬಿಲಗಳಿಗೆ ಇಳಿಯಿತು. ಒಳಗಿನಿಂದ ಗುಳ್ಳೆಗಳು ಬಂದವು, ಒಂದು ಏಡಿ ಹೊರಗೆ ಬಂದು ಅವನನ್ನು ನೋಡಿ ವಾಪಸು ಹೋಯಿತು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ದಡ ಹತ್ತುತ್ತಿದ್ದವು. ಮಂಜಿನಲ್ಲಿ ಹಿಂದೂ ಕಾಣುತ್ತಿರಲಿಲ್ಲ, ಮುಂದೂ ಕಾಣುತ್ತಿರಲಿಲ್ಲ. ತಾನು ನಡೆಯುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ಎಂದು ಅವನಿಗೆ ಅನುಮಾನ ಬಂತು. ಎಷ್ಟು ಹೊತ್ತಾಯಿತೆಂದು ತಿಳಿಯಲು ಬಟ್ಟಲಿಲ್ಲ. ಬಟ್ಟಲಿಲ್ಲದ ಹೊತ್ತು ಹೇಗಿರುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಐದಾರು ಗದ್ದೆ ದಾಟಿದ ಮೇಲೆ ಮರಳು ನೆಲ ಬಂತು. ಅಲ್ಲಿ ನೀರು ಕಣ್ಣೆದುರಿಗೇ ಮಾಯವಾಗತೊಡಗಿತು. ಮರಳು ಕುಡಿಯುತ್ತಿತ್ತು, ಸದ್ದಿಲ್ಲದೆ, ಗಂಟಲೇ ಇಲ್ಲದವರಂತೆ. ದಾರಿಯಲ್ಲಿ ಯಾರೋ ನೀರು ಕದಿಯುತ್ತಿರಬೇಕು ಎಂದುಕೊಂಡು ಬಂದಿದ್ದ ಅವನ ಕಣ್ಣಿಗೆ ಒಬ್ಬ ಕಳ್ಳನೂ ಸಿಗಲಿಲ್ಲ. ಗದ್ದೆಗಳ ಬಾಯಿ ಎಲ್ಲವೂ ಮುಚ್ಚಿದ್ದವು. ಗುದ್ದಲಿ ಹಿಡಿದು ಬದುವಿನ ಮೇಲೆ ಕುಳಿತಿದ್ದವರು ಅವನನ್ನು ಕಂಡು ಎದ್ದು ನಿಂತು ಕೈ ಮುಗಿದರು. ಒಬ್ಬರೂ ಒಂದು ಹನಿ ಮುಟ್ಟಲಿಲ್ಲ. ಹೀಗೆ ಕಾಯುತ್ತಾ ಯಾಕೆ ಕುಳಿತಿದ್ದಾರೆ ಎಂದು ಅವನು ಕೇಳಲೂ ಇಲ್ಲ. ಸುಮ್ಮನೆ ನೀರಿನ ಜೊತೆ ಹೋದ. ಒಂದು ಕಡೆ ತನ್ನ ಬಾಯಿಂದಲೇ ಮಾತು ಬರುತ್ತಿರುವುದು ಅವನಿಗೆ ಕೇಳಿಸಿತು. "ಬಾ, ಬಾ ತಾಯಿ, ಇನ್ನೊಂದು ಚೂರು, ಬಾ" ಎಂದು ಕರೆಯುತ್ತಿದ್ದ. ನೀರಿಗೆ ಹೀಗೆ ಅಂಗಲಾಚುವುದು ಕೊನೆಯವರ ಪಾಡು ಎಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಮಂಜು ಸ್ವಲ್ಪ ಹರಿಯಿತು. ದೂರದಲ್ಲಿ ಕೊನೆಯ ಗದ್ದೆ ಕಂಡಿತು. ಅವಳು ಗದ್ದೆಯ ಬಾಯಿ ಬಿಡಿಸಿ ಗುದ್ದಲಿಗೆ ಆತು ನಿಂತಿದ್ದಳು. ನಾಟಿ ಮಾಡಿದ ಪೈರು ತುದಿಯಲ್ಲಿ ಹಳದಿಯಾಗಿತ್ತು. ನೀರಿಗೂ ಅವಳಿಗೂ ನಡುವೆ ಇನ್ನೂ ಎರಡು ಗದ್ದೆಯಷ್ಟು ದೂರ.

ಆಗ ಜಾಗಟೆ ಕೇಳಿಸಿತು.

ಬಹಳ ದೂರದಿಂದ, ಸಣ್ಣಗೆ, ಆದರೆ ಸ್ಪಷ್ಟವಾಗಿ. ಅವನದೇ ಜಾಗಟೆ. ಮೂವತ್ತು ವರ್ಷ ಅವನು ಅದನ್ನು ಬಡಿದಿದ್ದ. ಬಡಿದದ್ದು ಕೇಳಿಸುವ ಜಾಗದಲ್ಲಿ ಅವನು ಒಮ್ಮೆಯೂ ನಿಂತಿರಲಿಲ್ಲ. ಅವನ ಹೆಂಡತಿ ತಪ್ಪು ಮಾಡಿರಲಿಲ್ಲ. ಎರಡು ಬಟ್ಟಲು ಮುಳುಗಿದ್ದವು. ತೂಬು ಮುಚ್ಚಿತ್ತು. ಊರಿನ ಪ್ರಕಾರ ಈಗ ಈ ಗದ್ದೆ ತಣಿದಿತ್ತು.

ಅವನು ಹಿಂದಕ್ಕೆ ತಿರುಗಿ ನೋಡಿದ. ಬದುವಿನ ಮೇಲೆ ಕುಳಿತಿದ್ದವರೆಲ್ಲ ಎದ್ದಿದ್ದರು. ಒಬ್ಬೊಬ್ಬರಾಗಿ, ಅವಸರವಿಲ್ಲದೆ, ತಮ್ಮ ಗದ್ದೆಯ ಬಾಯಿ ಬಿಡಿಸುತ್ತಿದ್ದರು. ಜಾಗಟೆಯ ನಂತರ ಕಾಲುವೆಯಲ್ಲಿ ಉಳಿದದ್ದು ಎದುರಿದ್ದವರದು ತಾನೇ? ಕಟ್ಟಳೆ ಹಾಗೇ ಇದೆ. ಕಾಲುವೆಯ ತುಂಬ ಇದ್ದ ನೀರು ಎಡಕ್ಕೆ ಬಲಕ್ಕೆ ಹಂಚಿಹೋಯಿತು. ಅವನ ಕಾಲ ಬಳಿಯ ನೊರೆ ನಿಂತಿತು. ಹೊಂಗೆಯ ಎಲೆ ಮಣ್ಣಿಗೆ ಅಂಟಿಕೊಂಡಿತು. ಒದ್ದೆ ಮಾತ್ರ ಉಳಿಯಿತು, ಅದೂ ನೋಡನೋಡುತ್ತಿದ್ದಂತೆ ಬಿಳಿಚಿಕೊಂಡಿತು.

ಅವಳು ಅಲ್ಲಿಂದಲೇ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟೇ ಅಣ್ಣಯ್ಯ. ನನ್ನ ಎರಡು ಬಟ್ಟಲು ಮುಗೀತು."

ಬಟ್ಟಲಿನವನು ಅಲ್ಲೇ ಕುಕ್ಕರಿಸಿ ಕುಳಿತ. ಅವನಿಗೆ ಅಳು ಬಂತು. ನಾನು ಮುಚ್ಚಿಟ್ಟು ಹೇಳುವುದಿಲ್ಲ, ಅವನು ಅತ್ತ. ಕಳ್ಳತನ ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಕಳ್ಳನಿಗೆ ತಾನು ಕದ್ದದ್ದು ಗೊತ್ತಿರುತ್ತದೆ, ಯಾವತ್ತಾದರೂ ಬಿಡಬಹುದು. ಇವನು ಒಂದು ಕ್ಷಣ ತಪ್ಪದೆ ಪ್ರಾಮಾಣಿಕವಾಗಿ ಅನ್ಯಾಯ ಮಾಡಿದ್ದ. ತನ್ನ ಪ್ರಾಮಾಣಿಕತೆಯನ್ನೇ ಸಾಕ್ಷಿಯಾಗಿ ತಂದು ಒಬ್ಬ ಸತ್ಯವಂತನನ್ನು ಸುಳ್ಳುಗಾರ ಮಾಡಿದ್ದ.

ಮಧ್ಯಾಹ್ನ ಕಟ್ಟೆಯ ಮುಂದೆ ಊರು ಸೇರಿತು. ಅವನೇ ಸೇರಿಸಿದ್ದು. ಸಂಜೆಯ ಸರದಿ ಸಾಹುಕಾರನದು. ಅದಕ್ಕೆ ಮೊದಲೇ ಮಾತು ಮುಗಿಯಬೇಕಿತ್ತು.

"ಏನಪ್ಪಾ, ಬಟ್ಟಲಿಗೆ ಏನಾದ್ರೂ ಆಯ್ತಾ?" ಸಾಹುಕಾರ ಕೇಳಿದ.

"ಬಟ್ಟಲು ಸರಿಯಾಗೈತೆ ಯಜಮಾನ್ರೇ."

"ಬಟ್ಟಲಲ್ಲಿ ತಪ್ಪಿಲ್ಲ ಅಂದ್ಮ್ಯಾಲೆ ಇನ್ನೆಲ್ಲೈತೆ ತಪ್ಪು?"

"ನಾನು ಕೂತಿದ್ದ ಜಾಗದಲ್ಲಿ ಐತೆ."

ಅವನು ಕಂಡದ್ದನ್ನೆಲ್ಲ ಹೇಳಿದ. ಗೊರಸಿನ ಗುರುತು, ಏಡಿಯ ಬಿಲ, ಮರಳು, ಜಾಗಟೆ ಎಲ್ಲವನ್ನೂ ಹೇಳಿದ. ಬಟ್ಟಲನ್ನು ತೂಬಿನ ಹತ್ತಿರ ತೇಲಿಬಿಡಬಾರದು, ನೀರು ಮುಟ್ಟಬೇಕಾದ ಗದ್ದೆಯ ಬದುವಿನ ಮೇಲೆ ತೇಲಿಬಿಡಬೇಕು, ನೀರು ಗದ್ದೆಯ ಬಾಯಿಗೆ ಬಂದ ಮೇಲೆ ಎಣಿಕೆ ಶುರುವಾಗಬೇಕು ಎಂದ. ಸಭೆಯಲ್ಲಿ ಗುಜುಗುಜು ಎದ್ದಿತು. ಸಾಹುಕಾರ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ.

"ಹಂಗಾದ್ರೆ ಕೊನೇ ಗದ್ದೆಗೆ ಐದು ಬಟ್ಟಲು ಹೊತ್ತು ತೂಬು ತೆರೆದಿರ್ಬೇಕು. ನನ್ನ ಗದ್ದೆಗೆ ಎರಡೇ. ಇದು ಸಮ ಹೆಂಗಾಯ್ತು? ನೀನೇ ಹೇಳು."

"ಗದ್ದೆಗೆ ಸಿಗೋದು ಎರಡೇ ಯಜಮಾನ್ರೇ. ಮಿಕ್ಕಿದ್ದನ್ನ ದಾರಿ ಕುಡೀತದೆ. ದಾರಿ ಯಾರ್ದು? ಊರಿಂದು. ದಾರಿ ಕುಡಿದಿದ್ದನ್ನ ಊರಿನ ತಲೆ ಮ್ಯಾಲೆ ಹಾಕಿ. ಒಬ್ಬ ಹೆಣ್ಣುಮಗಳ ತಲೆ ಮ್ಯಾಲೆ ಹಾಕ್ಬ್ಯಾಡಿ. ನಿಮ್ಮ ಗದ್ದೆ ತೂಬಿಗೆ ಅಂಟ್ಕೊಂಡೈತೆ. ನಿಮ್ಮ ನೀರಿಗೆ ದಾರೀನೇ ಇಲ್ಲ. ಅದಕ್ಕೇ ನಿಮಗೆ ದಾರಿ ಕಾಣಾಕಿಲ್ಲ."

ಇಷ್ಟು ಹೇಳಿ ಅವನು ಹೆಗಲ ಮೇಲಿನ ವಲ್ಲಿ ತೆಗೆದು ನೆಲಕ್ಕೆ ಹಾಸಿದ. ಐದು ವರ್ಷದ ಹಿಂದೆ ಅವಳ ಗಂಡ ಹಾಸಿದ ಜಾಗದಲ್ಲೇ ಹಾಸಿದ. "ಆ ಮನುಷ್ಯ ಸುಳ್ಳು ಹೇಳಿರ್ಲಿಲ್ಲ. ನಾನು ಅವನ ಮಾತು ಕೇಳ್ದೆ ಬಟ್ಟಲು ತೋರಿಸ್ದೆ. ತಪ್ಪು ನಂದು" ಎಂದ.

ಅವಳು ಎದ್ದು ಬಂದಳು. ವಲ್ಲಿಯನ್ನು ಎತ್ತಿ, ಮಣ್ಣು ಕೊಡವಿ, ಅವನ ಕೈಗೆ ಕೊಟ್ಟಳು. "ಅವರು ಸುಳ್ಳು ಹೇಳಿಲ್ಲ ಅಂದ್ಯಲ್ಲ, ಅಷ್ಟು ಸಾಕು. ವಲ್ಲಿ ಬ್ಯಾಡ ಅಣ್ಣಯ್ಯ. ನಂಗೆ ನೀರು ಬೇಕು."

ಸಾಹುಕಾರನ ಕಣ್ಣೂ ತೇವವಾಗಿತ್ತು. ಹೇಳಿದೆನಲ್ಲ, ಅವನು ಒಳ್ಳೆಯವನು. ಒಳ್ಳೆಯವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದ. "ತಾಯಿ, ಇವತ್ತು ಸಂಜೆ ನನ್ನ ಸರದಿ. ನನ್ನ ನೀರನ್ನ ನಿಂಗೆ ಕೊಟ್ಟಿದ್ದೀನಿ. ತಗೋ, ನಿನ್ನ ಪೈರು ಉಳಿಸ್ಕೋ" ಎಂದ.

ಊರೆಲ್ಲ ತಲೆದೂಗಿತು. ಎಂಥ ದೊಡ್ಡ ಮನಸ್ಸು! ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಕೈ ಮುಗಿದು ತೆಗೆದುಕೊಳ್ಳುತ್ತಿದ್ದೆವು. ಗದ್ದೆಯಲ್ಲಿ ಪೈರು ಒಣಗುತ್ತಿದೆ, ಇದು ಹೋದರೆ ಸರದಿಯೇ ಹೋಗುತ್ತದೆ, ತೆಗೆದುಕೊಳ್ಳದೆ ಇರುತ್ತಿದ್ದೆವೇ? ನಾನಂತೂ ತೆಗೆದುಕೊಳ್ಳುತ್ತಿದ್ದೆ.

ಅವಳು ತೆಗೆದುಕೊಳ್ಳಲಿಲ್ಲ.

"ಬ್ಯಾಡಿ ಯಜಮಾನ್ರೇ. ನಿಮ್ಮದನ್ನ ಇಸ್ಕೊಂಡ್ರೆ ನಾಳೆ ನಾನು ದಾನ ತಿಂದೋಳಾಗ್ತೀನಿ. ಎಂಟು ದಿನ ಆದ್ಮ್ಯಾಲೆ ಮತ್ತೆ ನಿಮ್ಮ ಮುಂದೆ ನಿಲ್ಬೇಕು. ನಿಮ್ಮ ನೀರು ನೀವೇ ಇಟ್ಕೊಳ್ಳಿ. ನಂದು ನಂಗೆ ಕೊಡಿ. ಬೆಳಗ್ಗೆ ಬಿಟ್ಟ ನೀರು ನನ್ನ ಗದ್ದೆ ಮುಟ್ಟಿಲ್ಲ. ಮುಟ್ಟದೇ ಇರೋ ಸರದಿ ಮುಗಿದದ್ದು ಹೆಂಗೆ?"

ಸಾಹುಕಾರನಿಗೆ ಜನ್ಮದಲ್ಲಿ ಯಾರೂ ಬೇಡ ಎಂದಿರಲಿಲ್ಲ. ಕೊಡಲು ಚಾಚಿದ ಕೈ ಚಾಚಿದಂತೆಯೇ ಇತ್ತು. ಕೋಪ ಬಂದಿರಬೇಕು, ನಾಚಿಕೆಯೂ ಆಗಿರಬೇಕು. ಕೊನೆಗೆ ಕೈ ಮಡಚಿಕೊಂಡ. ಬಟ್ಟಲಿನವನ ಕಡೆಗೆ ತಿರುಗಿ ಕೇಳಿದ, "ಆ ಗದ್ದೆ ಎಷ್ಟು ದೂರ ಐತಪ್ಪಾ?"

"ನೀವು ನೋಡಿಲ್ವಾ ಯಜಮಾನ್ರೇ?"

"ಇಲ್ಲ" ಎಂದ ಸಾಹುಕಾರ. ಅಜ್ಜ ಕಟ್ಟಿಸಿದ ಕೆರೆ, ಅಪ್ಪ ಕಲ್ಲು ಹೊದಿಸಿದ ಏರಿ, ತಾನು ಕೊಟ್ಟ ಬಟ್ಟಲು. ಆ ನೀರು ಎಲ್ಲಿಗೆ ಹೋಗಿ ಮುಟ್ಟಬೇಕೋ ಆ ಜಾಗವನ್ನು ಅವನು ನೋಡಿರಲಿಲ್ಲ. "ಅವಳ ಸರದಿ ಮುಗಿದಿಲ್ಲ. ಸಂಜೆಗೂ ಅವಳದ್ದೇ. ನನ್ನ ಸರದಿ ಅದಾದ್ಮ್ಯಾಲೆ, ಎಲ್ಲರದೂ ಒಂದು ಹೊತ್ತು ಮುಂದಕ್ಕೆ ಹೋಗ್ಲಿ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡ.

ಸಂಜೆ ತೂಬು ತೆರೆಯಿತು. ಬಟ್ಟಲಿನವನು ಹಂಡೆ, ಬಟ್ಟಲು, ಜಾಗಟೆ ಮೂರನ್ನೂ ಹೊತ್ತುಕೊಂಡು ಕೊನೆಯ ಗದ್ದೆಯ ಬದುವಿನ ಮೇಲೆ ಹೋಗಿ ಕುಳಿತಿದ್ದ. ಸಾಹುಕಾರ ನೀರಿನ ಜೊತೆ ನಡೆದು ಬಂದ. ಅವನ ಹಿಂದೆ ಊರಿನ ಅರ್ಧ ಜನ ಬಂದರು. ಮರಳು ನೆಲದಲ್ಲಿ ನೀರು ನಿಂತಾಗ ಅವರೂ ನಿಂತರು. ಬಿಸಿಲು ಇಳಿದು ಬಯಲೆಲ್ಲ ಜೇನಿನ ಬಣ್ಣವಾಗಿತ್ತು. ಅಷ್ಟು ಜನ ನೀರಿನ ವೇಗದಲ್ಲಿ ನಡೆಯುವುದು ಅಪರೂಪ. ಹಾಗೆ ನಡೆದವರ ಮನಸ್ಸು ತಾನಾಗಿ ಮೆತ್ತಗಾಗುತ್ತದೆ.

ನೀರು ಅವಳ ಗದ್ದೆಯ ಬಾಯಿಗೆ ಬಂತು. ಒಳಗೆ ಇಳಿಯಿತು. ಮೊದಲ ಸಾಲಿನ ಪೈರಿನ ಬುಡ ಮುಟ್ಟಿತು. ಆಗ ಬಟ್ಟಲಿನವನು ಬಟ್ಟಲನ್ನು ತೇಲಿಬಿಟ್ಟ. ಒಂದು ಸಲ ಮುಳುಗಿತು. ಎರಡನೆಯ ಸಲ ಮುಳುಗಿತು. ಅವನು ಎದ್ದು ತೂಬಿನ ಕಡೆಗೆ ಮುಖ ಮಾಡಿ ಜಾಗಟೆ ಬಡಿದ. ಅಲ್ಲಿ ಮಂಟಪದಲ್ಲಿ ಅವನ ಹೆಂಡತಿ ಕಿವಿಗೆ ಕೈ ಇಟ್ಟುಕೊಂಡು ಕಾಯುತ್ತಿದ್ದಳು. ಸದ್ದು ಸಣ್ಣಗೆ ಬಂದು ಮುಟ್ಟಿದ ಮೇಲೆ ತೂಬು ಮುಚ್ಚಿಸಿದಳು. ಮೂವತ್ತು ವರ್ಷ ಕೊನೆಯವರು ತೂಬಿನ ಕಡೆಗೆ ಕಿವಿ ಕೊಟ್ಟಿದ್ದರು. ಅಂದು ತೂಬು ಕೊನೆಯವರ ಕಡೆಗೆ ಕಿವಿ ಕೊಟ್ಟಿತು. ಮುಂದಿನ ಸುತ್ತುಗಳಲ್ಲೂ ಹಾಗೇ ಆಯಿತು. ಪೈರು ಉಳಿಯಿತು. ಸರದಿಯೂ ಉಳಿಯಿತು.

ಕಥೆ ಇಷ್ಟು. ಚೆನ್ನಾಗಿತ್ತು ಎಂದು ತಲೆಯಾಡಿಸುತ್ತಿದ್ದೀರಿ, ಕಾಣಿಸುತ್ತಿದೆ. ತಲೆಯಾಡಿಸುವುದು ಸುಲಭ. ಈಗ ನಿಮ್ಮ ಕಡೆಗೆ ಬರುತ್ತೇನೆ.

ನಿಮ್ಮ ಬಡಾವಣೆಯಲ್ಲಿ ನೀರಿನ ಸಮಿತಿ ಇದೆ, ಒಳ್ಳೆಯದು. ಸಮಿತಿ ಎಲ್ಲಿ ಸೇರುತ್ತದೆ? ಮೇನ್ ರೋಡಿನ ಮೊದಲನೇ ಮನೆಯಲ್ಲಿ. ಯಾಕೆಂದರೆ ಅಲ್ಲಿ ಹಾಲ್ ದೊಡ್ಡದು, ಕಾಫಿ ಚೆನ್ನಾಗಿ ಮಾಡುತ್ತಾರೆ. ನೀರು ಪರೀಕ್ಷೆ ಮಾಡುವವರು ಬಂದರೆ ಯಾರ ಮನೆಯ ನಲ್ಲಿಯಿಂದ ಬಾಟಲಿ ತುಂಬಿಸಿ ಕಳಿಸುತ್ತೀರಿ? ಅಧ್ಯಕ್ಷರ ಮನೆಯಿಂದ. ವರದಿ ಬರುತ್ತದೆ, 'ನೀರು ಶುದ್ಧವಾಗಿದೆ' ಎಂದು. ಸುಳ್ಳೇ? ಅಲ್ಲ. ಅಧ್ಯಕ್ಷರ ನಲ್ಲಿಯ ನೀರು ಶುದ್ಧವಾಗಿಯೇ ಇದೆ. ಕೊನೆಯ ಅಡ್ಡರಸ್ತೆಯವರು 'ನಮಗೆ ಹಳದಿ ನೀರು ಬರುತ್ತದೆ' ಎಂದರೆ ಅವರ ಮುಖಕ್ಕೆ ಆ ವರದಿ ಹಿಡಿಯುತ್ತೀರಿ. 'ಎಲ್ಲರಿಗೂ ಒಂದು ಗಂಟೆ ನೀರು' ಎಂದು ಬೋರ್ಡ್ ಹಾಕಿದ್ದೀರಿ. ಆ ಗಂಟೆ ಯಾರ ಮನೆಯ ಗಡಿಯಾರದ್ದು? ವಾಲ್ವ್ ತಿರುಗಿಸಿದ ಹೊತ್ತಿನದೋ, ಕೊನೆಯ ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿ ಮುಗಿದು ನೀರು ಬಂದ ಹೊತ್ತಿನದೋ?

ಇನ್ನು ಮನೆಯೊಳಗಿನ ಮಾತು. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಒಬ್ಬಾಕೆ ಬರುತ್ತಾಳೆ. ದಿನಾ ನಿಮ್ಮ ಮನೆಯ ನೀರಿನಲ್ಲಿ ಕೈ ಇಟ್ಟುಕೊಂಡು ಮುಕ್ಕಾಲು ಗಂಟೆ ನಿಲ್ಲುತ್ತಾಳೆ. ತಡವಾಗಿ ಬಂದರೆ 'ಯಾಕೆ ತಡ?' ಎಂದು ಕೇಳುತ್ತೀರಿ. ಕೇಳುವ ಹಕ್ಕು ನಿಮಗಿದೆ, ಕೇಳಿ. ಆದರೆ ಅವಳ ಬೀದಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಒಂದು ದಿನವಾದರೂ ಕೇಳಿದ್ದೀರಾ? ನಾಳೆ ಕೇಳಿ. ಕೇಳಿದ ಮೇಲೆ ಅವಳ ಮಾತಿನ ಮಧ್ಯೆ ಬಾಯಿ ಹಾಕಬೇಡಿ. ನಮಗೂ ಕಷ್ಟ ಇದೆ ಎನ್ನಬೇಡಿ. ಹಳೆಯ ಬಿಂದಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳಬೇಡಿ. ಪೂರ್ತಿ ಕೇಳಿ. ಕೇಳಿದ್ದನ್ನು ಸಮಿತಿಗೆ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಅವಳನ್ನೇ ಕರೆದುಕೊಂಡು ಹೋಗಿ, ಕುರ್ಚಿ ಹಾಕಿ.

ಮುಂದಿನ ತಿಂಗಳ ಸಭೆಯನ್ನು ಕೊನೆಯ ಅಡ್ಡರಸ್ತೆಯ ಕೊನೆಯ ಮನೆಯ ಅಂಗಳದಲ್ಲಿ ಸೇರಿಸಿ. ನೆಲದ ಮೇಲೆ ಕುಳಿತುಕೊಳ್ಳಿ, ಮಂಡಿ ನೋಯುತ್ತದೆ, ನೋಯಲಿ. ಕಾಫಿ ಕೇಳಬೇಡಿ. ಆ ಮನೆಯ ಹೆಂಗಸನ್ನು ಕುಡಿಯಲು ಒಂದು ಲೋಟ ನೀರು ಕೇಳಿ. ಕೊಡುವ ಮೊದಲು ಅವಳು ಎಷ್ಟು ಉಳಿದಿದೆ ಎಂದು ಒಂದು ಸಲ ಒಳಗಿನ ಕೊಡದ ಕಡೆಗೆ ನೋಡಿದಳೋ, ಆ ದಿನದ ಸಭೆಗೆ ಬೇರೆ ವಿಷಯ ಬೇಕಾಗಿಲ್ಲ.